ಮುರಕಲ್ಲಿನ ಮೇಲೆ ಕಾಣದ ಮಸಿ, ಹಿಮದ ಮೇಲೆ ಕಾಣುತ್ತದೆ

ಬೆಳಿಗ್ಗೆ ಮಲ್ಪೆ ಬಂದರಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಐಸ್. ದೊಡ್ಡ ಗಡ್ಡೆಗಳನ್ನು ಯಂತ್ರಕ್ಕೆ ಕೊಟ್ಟು ಹುಡಿ ಮಾಡುತ್ತಾರೆ, ಬೋಟಿಗೆ ತುಂಬಿಸುತ್ತಾರೆ. ಸ್ವಲ್ಪ ಹುಡಿ ದಕ್ಕೆಯ ಮೇಲೆ ಚೆಲ್ಲುತ್ತದೆ. ಒಂದು ಕಡೆ ಶುದ್ಧ ಬಿಳಿ ರಾಶಿ, ಇನ್ನೊಂದು ಕಡೆ ಡೀಸೆಲ್ ಹೊಗೆಯ ಮಸಿ ಮತ್ತು ಕಾಲಿನ ಕೊಳೆ ಹತ್ತಿದ ರಾಶಿ. ನಮ್ಮ ಸೆಕೆಗೆ ಎರಡೂ ಹೆಚ್ಚು ಹೊತ್ತು ಉಳಿಯುವುದಿಲ್ಲ. ಆದರೆ ಬಿಸಿಲು ಏರಿದ ಮೇಲೆ ಸ್ವಲ್ಪ ನಿಂತು ನೋಡಿ. ಕೊಳೆಯಾದ ರಾಶಿ ಮೊದಲು ನೀರಾಗುತ್ತದೆ.

ನಮ್ಮ ದೊಡ್ಡಮ್ಮನ ಮಗ ಒಂದು ಬೇಸಿಗೆಯಲ್ಲಿ ಹಿಮಾಚಲದ ರೋಹ್ತಾಂಗ್‌ಗೆ ಹೋಗಿ ಬಂದ. ಫೋಟೋ ತೋರಿಸುವಾಗ ಅವನ ಮುಖದಲ್ಲಿ ಖುಷಿಗಿಂತ ಬೇಸರವೇ ಜಾಸ್ತಿ ಇತ್ತು. "ಇದು ಹಿಮವಾ ಮಾರಾಯ? ರಸ್ತೆಯ ಪಕ್ಕದ್ದು ನಮ್ಮ ಬಚ್ಚಲಿನ ಗೋಡೆಯ ಹಾಗೆ ಉಂಟು" ಎಂದ. ಫೋಟೋದಲ್ಲಿ ಹಿಮದ ಮೇಲೆ ಬೂದು ಪದರ, ಅಲ್ಲಲ್ಲಿ ಕಪ್ಪು ಗೆರೆ. ಅವನು ಬೇಸರಪಟ್ಟದ್ದು ನೋಟ ಕೆಟ್ಟದ್ದಕ್ಕೆ. ನನಗೆ ಮಾತ್ರ ಮಲ್ಪೆಯ ದಕ್ಕೆ ನೆನಪಾಯಿತು. ಬಣ್ಣ ಬದಲಾದರೆ ಹಿಮ ಕರಗುವ ವೇಗವೂ ಬದಲಾಗುತ್ತದೆ. ಈ ವಿಷಯ ಕೆಲವು ದಶಕಗಳಿಂದ ವಿಜ್ಞಾನಿಗಳ ನಿದ್ದೆ ಕೆಡಿಸಿದೆ.

ಮಸಿ ನಮಗೆ ಹೊಸದಲ್ಲ. ಎಣ್ಣೆ ದೀಪದ ಉರಿಯ ಮೇಲೆ ತಟ್ಟೆ ಹಿಡಿದು ಮನೆಯಲ್ಲೇ ಕಾಡಿಗೆ ಮಾಡುತ್ತಿದ್ದರು, ಅಲ್ವಾ? ಮಗುವಿನ ಕೆನ್ನೆಗೆ ಇಡುವ ಆ ಕಾಡಿಗೆಯೇ ವಿಜ್ಞಾನದ ಮಾತಿನಲ್ಲಿ ಕಪ್ಪು ಇಂಗಾಲ. ಸೌದೆ, ಬೆರಣಿ, ಡೀಸೆಲ್, ಕಲ್ಲಿದ್ದಲು, ಯಾವುದೇ ಇರಲಿ, ಗಾಳಿ ಸಾಲದೆ ಅರೆಬರೆ ಉರಿದರೆ ಅದರಲ್ಲಿರುವ ಇಂಗಾಲ ಪೂರ್ತಿ ಅನಿಲವಾಗುವುದಿಲ್ಲ. ಒಂದಷ್ಟು ಸಣ್ಣ ಕಪ್ಪು ಕಣಗಳಾಗಿ ಹೊಗೆಯ ಜೊತೆ ಮೇಲೆ ಹೋಗುತ್ತದೆ. ಒಂದೊಂದು ಕಣ ತಲೆಗೂದಲಿನ ದಪ್ಪಕ್ಕಿಂತ ನೂರಾರು ಪಟ್ಟು ಸಣ್ಣದು. ಗಾಳಿಯಲ್ಲಿ ಅದು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ ತೇಲುತ್ತದೆ. ಅಷ್ಟರಲ್ಲಿ ಸಾವಿರ ಕಿಲೋಮೀಟರ್ ದಾಟಬಲ್ಲದು. ಆಮೇಲೆ ಮಳೆ ಬಂದರೆ ಮಳೆಯ ಜೊತೆ, ಹಿಮ ಬಿದ್ದರೆ ಹಿಮದ ಜೊತೆ ನೆಲಕ್ಕೆ ಬರುತ್ತದೆ.

ಈಗ ಅದೇ ಕಣ ಉಡುಪಿಯಲ್ಲಿ ಬಿತ್ತು ಅಂದುಕೊಳ್ಳಿ. ಮುರಕಲ್ಲಿನ ಪಾಗಾರದ ಮೇಲೋ, ಹಂಚಿನ ಮೇಲೋ, ಅಡಿಕೆ ತೋಟದ ಮೇಲೋ ಕೂರುತ್ತದೆ. ಈ ಕೆಂಪು ಕಲ್ಲು, ಈ ಹಸಿರು ಮೊದಲೇ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುತ್ತವೆ. ಅವುಗಳ ಮೇಲೆ ಸ್ವಲ್ಪ ಕಪ್ಪು ಸೇರಿದರೆ ಹೇಳುವಂಥ ವ್ಯತ್ಯಾಸ ಆಗುವುದಿಲ್ಲ. ಅದೇ ಕಣ ಹಿಮದ ಮೇಲೆ ಬಿದ್ದರೆ ಕಥೆ ಬೇರೆ. ಹಾಗಾಗಿ ಹೊಗೆಯನ್ನು ಬರೀ ತೂಕದಲ್ಲಿ ಅಳೆದರೆ ಸಾಲದು, ಅದು ಎಲ್ಲಿ ಹೋಗಿ ಕೂರುತ್ತದೆ ಎಂದೂ ಕೇಳಬೇಕು. ಹಿಮಾಲಯದ ಮಟ್ಟಿಗೆ ಈ ಪ್ರಶ್ನೆಯೇ ಮುಖ್ಯ ಎಂದು ನನ್ನ ನಂಬಿಕೆ.

ಆಗಷ್ಟೇ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಉಳಿಸಿಕೊಳ್ಳುವುದು 10ರಿಂದ 20 ಪಾಲು. ಒಂದು ಸಣ್ಣ ಲೆಕ್ಕ ಮಾಡಿ. ಹಿಮ 90 ಪಾಲು ಹಿಂದಕ್ಕೆ ಕಳಿಸುತ್ತಿತ್ತು, ಮಸಿ ಬಿದ್ದು ಅದು 88ಕ್ಕೆ ಇಳಿಯಿತು. ಎರಡೇ ಪಾಲು ಕಡಿಮೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಹಿಮ ಉಳಿಸಿಕೊಂಡದ್ದು 10ರಿಂದ 12ಕ್ಕೆ ಏರಿತು. ಅಂದರೆ ಕರಗಿಸುವ ಶಾಖ ಐದನೇ ಒಂದರಷ್ಟು ಹೆಚ್ಚಾಯಿತು. ಮುರಕಲ್ಲಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಬಿಳಿ ಜಾಸ್ತಿ ಇದ್ದಷ್ಟೂ ಕಪ್ಪಿನ ಬೆಲೆ ಜಾಸ್ತಿ.

ಇಷ್ಟು ಆಗಲು ಎಷ್ಟು ಮಸಿ ಬೇಕು? ನಂಬಲು ಕಷ್ಟ ಆಗುವಷ್ಟು ಕಡಿಮೆ. ಒಂದು ಟನ್ ಹಿಮದಲ್ಲಿ ಹತ್ತಾರು ಮಿಲಿಗ್ರಾಂ ಸಾಕು. 1980ರಲ್ಲಿ ಅಮೆರಿಕದ ಸ್ಟೀಫನ್ ವಾರನ್ ಮತ್ತು ವಾರನ್ ವಿಸ್ಕೊಂಬ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಇಷ್ಟು ಕಡಿಮೆಯಲ್ಲಿ ಇಷ್ಟು ಪರಿಣಾಮ ಹೇಗೆ ಎನ್ನುವುದಕ್ಕೆ ಕೇರಂ ಬೋರ್ಡ್ ನೆನಪಿಸಿಕೊಳ್ಳಿ. ಹಿಮದ ಒಳಗೆ ಹೊಕ್ಕ ಬೆಳಕು ಒಂದೇ ಸಲಕ್ಕೆ ತಿರುಗಿ ಬರುವುದಿಲ್ಲ. ಒಂದು ಹರಳಿಗೆ ಬಡಿದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಎಷ್ಟೋ ಸಲ ಪುಟಿದು ಕೊನೆಗೆ ಹೊರಗೆ ಬರುತ್ತದೆ. ಸ್ಟ್ರೈಕರ್ ನಾಲ್ಕು ಕಡೆ ಬಡಿದು ಓಡಾಡುವ ಹಾಗೆ. ಮಸಿಯ ಕಣ ಎಂದರೆ ಬೋರ್ಡಿನ ತೂತು. ಒಂದೇ ಹೊಡೆತಕ್ಕೆ ತೂತಿಗೆ ಬೀಳುವ ಸಂಭವ ಕಡಿಮೆ. ಆದರೆ ನೂರು ಸಲ ಪುಟಿದರೆ ಒಂದಲ್ಲ ಒಂದು ಸಲ ಬಿದ್ದೇ ಬೀಳುತ್ತದೆ. ಅಲ್ಲಿಗೆ ಬೆಳಕು ಶಾಖವಾಯಿತು.

ಇಷ್ಟಕ್ಕೇ ಮುಗಿಯುವುದಿಲ್ಲ. ಸ್ವಲ್ಪ ಬಿಸಿಯಾದ ಹಿಮದ ಹರಳುಗಳು ಒಂದಕ್ಕೊಂದು ಅಂಟಿ ದಪ್ಪ ಆಗುತ್ತವೆ. ದಪ್ಪ ಹರಳಿನ ಹಿಮ ಮೊದಲಿನಷ್ಟು ಬೆಳ್ಳಗೆ ಇರುವುದಿಲ್ಲ, ಹಾಗಾಗಿ ಇನ್ನಷ್ಟು ಬಿಸಿಲು ಹೀರುತ್ತದೆ. ಮೇಲಿನ ಪದರ ನೀರಾಗಿ ಇಳಿದು ಹೋದರೂ ಮಸಿ ಪೂರ್ತಿ ಅದರ ಜೊತೆ ಹೋಗುವುದಿಲ್ಲ. ಬಹಳಷ್ಟು ಮೇಲೆಯೇ ಉಳಿಯುತ್ತದೆ. ಕೆಳಗಿನ ಪದರದ ಮಸಿಯೂ ಅದಕ್ಕೆ ಸೇರಿಕೊಳ್ಳುತ್ತದೆ. ಚಳಿಗಾಲ ಇಡೀ ಪದರ ಪದರವಾಗಿ ಹೂತಿದ್ದ ಕೊಳೆ ಎಪ್ರಿಲ್, ಮೇ ಹೊತ್ತಿಗೆ ಒಂದೇ ಪದರಕ್ಕೆ ಬಂದು ನಿಲ್ಲುತ್ತದೆ. ಬಿಸಿಲು ಅತಿ ಜೋರಾಗಿರುವ ತಿಂಗಳುಗಳೂ ಅವೇ.

ಬೆಟ್ಟದ ಜನಕ್ಕೆ ಇದನ್ನು ಯಾರೂ ಪಾಠ ಮಾಡಬೇಕಿರಲಿಲ್ಲ. ಲಡಾಖ್ ಮತ್ತು ಜಾನ್ಸ್ಕಾರ್ ಕಡೆಯ ರೈತರು ಬಿತ್ತನೆಗೆ ಹೊಲ ಬೇಗ ಸಿಗಲಿ ಎಂದು ಹಿಮದ ಮೇಲೆ ಮಣ್ಣು ಎರಚುತ್ತಾರೆ. ಒಂದು ಹೊಲದ ಹಿಮವನ್ನು ಬೇಕೆಂದೇ ಕರಗಿಸುವುದು ಜಾಣತನ. ನಾವೆಲ್ಲ ಸೇರಿ ಇಡೀ ಪರ್ವತ ಸಾಲಿನ ಮೇಲೆ, ಯಾರೂ ಕೇಳದೆ ಅದನ್ನೇ ಮಾಡುತ್ತಿದ್ದೇವೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಕೊಳೆ ಎಷ್ಟಿದ್ದರೂ ಕರಗುವಿಕೆ ಹೆಚ್ಚುತ್ತಲೇ ಹೋಗುವುದಿಲ್ಲ. ಐಸ್ ಗಡ್ಡೆಯ ಮೇಲೆ ಮರದ ಹುಡಿ ದಪ್ಪಕ್ಕೆ ಹಾಕಿ ಮುಚ್ಚಿದರೆ ಅದು ಹೆಚ್ಚು ಹೊತ್ತು ಉಳಿಯುತ್ತದೆ, ನಮ್ಮ ಹಳೇ ಮೀನು ವ್ಯಾಪಾರಿಗಳಿಗೆ ಇದು ಗೊತ್ತು. ಹಿಮನದಿಗಳಲ್ಲೂ ಹಾಗೆಯೇ. ಕಲ್ಲು ಮಣ್ಣಿನ ಹೊದಿಕೆ ಕೆಲವು ಸೆಂಟಿಮೀಟರ್ ದಾಟಿದರೆ ಅದು ಕಂಬಳಿಯ ಹಾಗೆ ಶಾಖವನ್ನು ತಡೆಯುತ್ತದೆ. ಕೆಡುಕು ಮಾಡುವುದು ತೆಳ್ಳಗಿನ ಪದರ. ಗಾಳಿಯಲ್ಲಿ ಬರುವ ಮಸಿ ಮತ್ತು ಧೂಳು ಕೊಡುವುದು ಈ ತೆಳು ಪದರವನ್ನೇ.

ಇದು ಕೆಳಗೆ ಕೂತ ಕಣಗಳ ಕಥೆ. ಗಾಳಿಯಲ್ಲೇ ತೇಲುತ್ತಿರುವ ಕಣಗಳದ್ದು ಸ್ವಲ್ಪ ಗೋಜಲು. ಏಕೆಂದರೆ ಕಣಗಳಲ್ಲಿ ಕಪ್ಪೂ ಇದೆ, ಬಿಳಿಯೂ ಇದೆ. ಗಂಧಕ ಇರುವ ಇಂಧನ ಉರಿದರೆ ಸಲ್ಫೇಟ್ ಕಣಗಳಾಗುತ್ತವೆ. ಅವು ಬಿಸಿಲನ್ನು ಚದುರಿಸಿ ಆಕಾಶಕ್ಕೆ ವಾಪಸ್ ಕಳಿಸುತ್ತವೆ, ಭೂಮಿಯನ್ನು ತಂಪು ಮಾಡುತ್ತವೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸ್ಫೋಟಿಸಿದಾಗ ಇಂಥ ಕಣಗಳಿಂದಲೇ ಇಡೀ ಜಗತ್ತು ಒಂದೆರಡು ವರ್ಷ ಸುಮಾರು ಅರ್ಧ ಡಿಗ್ರಿ ತಂಪಾಯಿತು. ನಮ್ಮ ಪಣಂಬೂರಿನ ಬಂದರಿಗೆ ಬರುವ ಹಡಗುಗಳ ಹೊಗೆಯಲ್ಲೂ ಈ ಬಿಳಿ ಕಣಗಳು ಇದ್ದವು, ಈಗಲೂ ಸ್ವಲ್ಪ ಇವೆ. 2020ರ ಜನವರಿ 1ರಿಂದ ಜಗತ್ತಿನ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇಕಡಾ 3.5ರಿಂದ 0.5ಕ್ಕೆ ಇಳಿಸಿದರು. ಉಸಿರಾಟಕ್ಕೆ ಒಳ್ಳೆಯದಾಯಿತು. ಆದರೆ ಆ ಕಣಗಳು ಕೊಡುತ್ತಿದ್ದ ನೆರಳೂ ಅಷ್ಟು ಕಡಿಮೆಯಾಯಿತು. ಎಲ್ಲ ಕಣಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ಅವು ಇಡೀ ಭೂಮಿಯನ್ನು ತಂಪು ಮಾಡುತ್ತಲೇ ಬಂದಿವೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹಸಿರುಮನೆ ಅನಿಲಗಳನ್ನು ಬಿಟ್ಟು ಉಳಿದ ಮಾನವ ಕಾರಣಗಳಿಂದ, ಮುಖ್ಯವಾಗಿ ಈ ಕಣಗಳಿಂದ, ಆದ ತಂಪು 0ಯಿಂದ 0.8 ಡಿಗ್ರಿಯ ನಡುವೆ ಇರಬಹುದು ಎಂದಿತು. ಆ ಅಂತರ ನೋಡಿದರೇ ಗೊತ್ತಾಗುತ್ತದೆ, ಈ ಲೆಕ್ಕ ಎಷ್ಟು ಕಷ್ಟದ್ದು ಎಂದು.

ಕಪ್ಪು ಕಣ ಇದಕ್ಕೆ ತದ್ವಿರುದ್ಧ. ಅದು ಬಿಸಿಲನ್ನು ಗಾಳಿಯಲ್ಲೇ ಹೀರಿ ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಇದು ದೊಡ್ಡದಾಗಿ ಬೆಳಕಿಗೆ ಬಂದದ್ದು ನಮ್ಮ ಕಡಲಿನಲ್ಲೇ. 1999ರ ಜನವರಿಯಿಂದ ಮಾರ್ಚ್‌ವರೆಗೆ ಇಂಡೋಎಕ್ಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಮಾಲ್ಡೀವ್ಸ್ ಅದರ ನೆಲೆ. ವಿಮಾನಗಳು, ಹಡಗುಗಳು, ಉಪಗ್ರಹಗಳು, ನಮ್ಮ ದೇಶದ ಸಾಗರ ಕನ್ಯಾ ಹಡಗು ಕೂಡ ಅದರಲ್ಲಿ ಇದ್ದವು. ನಡುಗಡಲಿನಲ್ಲಿ ಗಾಳಿ ಶುದ್ಧ ಇರುತ್ತದೆ ಎಂದು ಯಾರಾದರೂ ಅಂದುಕೊಳ್ಳಬೇಕು. ಆದರೆ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ, ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಸುಮಾರು 3 ಕಿಲೋಮೀಟರ್ ದಪ್ಪದ ಕಂದು ಮಬ್ಬು ಕವಿದಿತ್ತು. ಚಳಿಗಾಲದಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ದೇಶದ ಹೊಗೆ ಅದರ ಜೊತೆ ಹೋಗಿತ್ತು. ಈ ಅಧ್ಯಯನದ ಮುಂದಾಳುಗಳಲ್ಲಿ ಒಬ್ಬರು ವೀರಭದ್ರನ್ ರಾಮನಾಥನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. 2006ರ ಮಾರ್ಚ್‌ನಲ್ಲಿ ಅವರ ತಂಡ ಮಾಲ್ಡೀವ್ಸ್‌ನಿಂದ ಸಣ್ಣ ಚಾಲಕರಹಿತ ವಿಮಾನಗಳನ್ನು ಒಂದರ ಮೇಲೊಂದು ಹಾರಿಸಿತು. ಮಬ್ಬಿನ ಕೆಳಗೊಂದು, ಒಳಗೊಂದು, ಮೇಲೊಂದು. ಮೂರರ ಅಳತೆ ಹೋಲಿಸಿದಾಗ ಈ ಮಬ್ಬು ಬಿಸಿಲಿನಿಂದ ಕೆಳ ವಾತಾವರಣ ಕಾಯುವುದನ್ನು ಸುಮಾರು ಶೇಕಡಾ 50ರಷ್ಟು ಹೆಚ್ಚಿಸಿದೆ ಎಂದು ಗೊತ್ತಾಯಿತು.

ಇದಕ್ಕೂ ಹಿಮಾಲಯಕ್ಕೂ ಏನು ಸಂಬಂಧ? ಮಬ್ಬು 3 ಕಿಲೋಮೀಟರ್ ಎತ್ತರದವರೆಗೆ ಇದ್ದರೆ ನಮಗೆ ಅದು ತಲೆಯ ಮೇಲಿನ ಆಕಾಶ. ಹಿಮಾಲಯಕ್ಕೆ ಅದು ಸೊಂಟದ ಮಟ್ಟ. ಇಲ್ಲಿ ಕಡಲಿನ ಮೇಲೆ ತೇಲುವಂಥ ಬಿಸಿ ಗಾಳಿ ಅಲ್ಲಿ ನೇರ ಹಿಮಕ್ಕೆ ತಾಗುತ್ತದೆ. ಅದರ ಮೇಲೆ ಕಣಿವೆ ಗಾಳಿ. ಹಗಲು ಇಳಿಜಾರು ಕಾದಾಗ ಗಾಳಿ ಕಣಿವೆಯಿಂದ ಮೇಲಕ್ಕೆ ಹತ್ತುತ್ತದೆ, ನಮ್ಮ ಮಧ್ಯಾಹ್ನದ ಕಡಲ ಗಾಳಿಯ ಹಾಗೆ ದಿನಾ ನಡೆಯುವ ವಿಷಯ. ನೇಪಾಳದಲ್ಲಿ ಎವರೆಸ್ಟ್ ಹತ್ತಿರ 5,079 ಮೀಟರ್ ಎತ್ತರದಲ್ಲಿ ಪಿರಮಿಡ್ ಎಂಬ ವೀಕ್ಷಣಾಲಯ ಇದೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಬಯಲಿನ ಹೊಗೆ ಅಲ್ಲಿಗೂ ಏರಿ ಬರುವುದನ್ನು ಅಲ್ಲಿನ ಯಂತ್ರಗಳು ದಾಖಲಿಸಿವೆ. ಗಂಗೋತ್ರಿ ಹಿಮನದಿಯ ಹತ್ತಿರ, ಸುಮಾರು 3,600 ಮೀಟರ್ ಎತ್ತರದ ಚಿರ್‌ಬಾಸಾದಲ್ಲಿ ಡೆಹ್ರಾಡೂನಿನ ವಾಡಿಯಾ ಸಂಸ್ಥೆ 2016ರಲ್ಲಿ ಅಳತೆ ಮಾಡಿತು. ಒಂದು ಘನ ಮೀಟರ್ ಗಾಳಿಯಲ್ಲಿ ಮಸಿ 0.01 ಮೈಕ್ರೋಗ್ರಾಂನಿಂದ 4.62 ಮೈಕ್ರೋಗ್ರಾಂವರೆಗೆ ಏರಿಳಿಯಿತು. 400 ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಬೇಸಿಗೆಯ ಕಾಡ್ಗಿಚ್ಚು ಮತ್ತು ಹೊಲಗಳಲ್ಲಿ ಕಸ ಸುಡುವುದು ಅದಕ್ಕೆ ಮುಖ್ಯ ಕಾರಣ.

2006ರಲ್ಲಿ ನಾಸಾದ ವಿಲಿಯಂ ಲಾವ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಿಮಾಲಯದ ಬುಡದಲ್ಲಿ ಮಸಿ ಮತ್ತು ಧೂಳು ರಾಶಿ ಬಿದ್ದು ಗಾಳಿ ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಅದು ಪಂಪಿನ ಹಾಗೆ ಕಡಲಿನ ತೇವವನ್ನು ಎಳೆದು ಮುಂಗಾರನ್ನು ಬೇಗ ತರುತ್ತದೆ ಎಂದರು. ಕೇಳಲು ಸರಳ. ಆದರೆ 2010ರಲ್ಲಿ ಬೇರೆ ಸಂಶೋಧಕರು ವೀಕ್ಷಣೆಗಳು ಇದನ್ನು ಬೆಂಬಲಿಸುವುದಿಲ್ಲ ಎಂದು ವಾದಿಸಿದರು. ಈ ಪಂಪಿನ ಮಾತನ್ನು ಪತ್ರಿಕೆಗಳಲ್ಲಿ ಓದಿದಾಗ ಅದನ್ನು ತೀರ್ಮಾನವಾದ ವಿಷಯ ಎಂದು ತೆಗೆದುಕೊಳ್ಳಬೇಡಿ. ಹಿಮದ ಮೇಲೆ ಬಿದ್ದ ಮಸಿ ಹಿಮವನ್ನು ಕರಗಿಸುತ್ತದೆ ಎಂಬ ಮಾತು ಹಾಗಲ್ಲ, ಅದು ಗಟ್ಟಿ.

ಮಸಿ ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡುವ ಒಂದು ವಿಧಾನ ನನಗೆ ತುಂಬಾ ಇಷ್ಟ. ಗಿಡಮರಗಳಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಸ್ವಲ್ಪ ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು ಮತ್ತು ಕಚ್ಚಾ ತೈಲದಲ್ಲಿ ಅದು ಕ್ಷಯಿಸಿ ಮುಗಿದಿದೆ. ಅಂದರೆ ತೆಂಗಿನ ಗೆರಟೆಯ ಹೊಗೆಗೂ ಡೀಸೆಲ್ ಬೋಟಿನ ಹೊಗೆಗೂ ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಪ್ರಯೋಗಾಲಯಕ್ಕೆ ಕಾಣುತ್ತದೆ. 2009ರಲ್ಲಿ ಸ್ವೀಡನ್ನಿನ ಓರ್ಯನ್ ಗುಸ್ತಾಫ್ಸನ್ ತಂಡ ಪುಣೆ ಹತ್ತಿರದ ಸಿಂಹಗಡ ಮತ್ತು ಮಾಲ್ಡೀವ್ಸ್‌ನಲ್ಲಿ ಹಿಡಿದ ಕಣಗಳನ್ನು ಹೀಗೆ ಪರೀಕ್ಷಿಸಿತು. ದಕ್ಷಿಣ ಏಷ್ಯಾದ ಚಳಿಗಾಲದ ಮಸಿಯಲ್ಲಿ ಸುಮಾರು ಅರ್ಧದಿಂದ ಮೂರನೇ ಎರಡು ಪಾಲು ಸೌದೆ, ಬೆರಣಿ, ಹುಲ್ಲಿನಂಥವುಗಳದ್ದು ಎಂದು ಗೊತ್ತಾಯಿತು. 2016ರಲ್ಲಿ ಎವರೆಸ್ಟ್ ಪ್ರದೇಶದ ಹಿಮದ ಮೇಲೂ ಇದೇ ಪರೀಕ್ಷೆ ನಡೆಯಿತು. ಅಲ್ಲಿ ಸೌದೆಯ ಮಸಿ ಮತ್ತು ಪೆಟ್ರೋಲಿಯಂ, ಕಲ್ಲಿದ್ದಲಿನ ಮಸಿ ಹೆಚ್ಚುಕಡಿಮೆ ಸರಿಸಮ. ಅದರ ಗುರುತು ಗಂಗಾ ಬಯಲಿನ ಹೊಗೆಗೆ ಹೊಂದುತ್ತಿತ್ತು. ಎವರೆಸ್ಟಿನ ಉತ್ತರ ಬದಿಯ ಹಿಮನದಿಯಲ್ಲಿ ಕೊರೆದು ತೆಗೆದ ಮಂಜುಗಡ್ಡೆಯ ಕಂಬದಲ್ಲಿ 1860ರಿಂದಲೂ ಮಸಿಯ ದಾಖಲೆ ಸಿಕ್ಕಿದೆ. 1975ರ ನಂತರ ಅದು ಹಿಂದಿನ ಕಾಲದ ಸುಮಾರು ಮೂರು ಪಟ್ಟಾಗಿದೆ.

ಅಡುಗೆ ಒಲೆ ಮತ್ತು ಇಟ್ಟಿಗೆ ಭಟ್ಟಿ, ಇವೆರಡೂ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ವಿಶ್ವ ಬ್ಯಾಂಕಿನ 2021ರ ವರದಿಯ ಪ್ರಕಾರ ಹಿಮಾಲಯದ ಮೇಲೆ ಬೀಳುವ ಈ ಪ್ರದೇಶದ ಮಾನವ ನಿರ್ಮಿತ ಮಸಿಯಲ್ಲಿ ಶೇಕಡಾ 45ರಿಂದ 66ರಷ್ಟು ಮನೆಗಳ ಸೌದೆ ಒಲೆಗಳು ಮತ್ತು ಕೈಗಾರಿಕೆ, ಅದರಲ್ಲೂ ಮುಖ್ಯವಾಗಿ ಇಟ್ಟಿಗೆ ಭಟ್ಟಿಗಳಿಂದ ಬರುತ್ತದೆ. ರಸ್ತೆಯ ಡೀಸೆಲ್ ವಾಹನಗಳ ಪಾಲು 7ರಿಂದ 18. ಇಟ್ಟಿಗೆ ಭಟ್ಟಿಯ ವಿಷಯ ನಮ್ಮ ಕಡೆಯವರಿಗೆ ಬೇಗ ಅರ್ಥ ಆಗುವುದಿಲ್ಲ. ಏಕೆಂದರೆ ನಾವು ಮನೆ ಕಟ್ಟುವುದು ಮುರಕಲ್ಲಿನಲ್ಲಿ. ನೆಲದಿಂದ ಕಡಿದು ತೆಗೆದರೆ ಆಯಿತು, ಗಾಳಿಗೆ ತಾನೇ ಗಟ್ಟಿಯಾಗುತ್ತದೆ, ಸುಡುವ ಕೆಲಸ ಇಲ್ಲ. ಗಂಗಾ ಬಯಲಿನಲ್ಲಿ ಅಗೆದಷ್ಟೂ ಮಣ್ಣು, ಕಲ್ಲು ಸಿಗುವುದಿಲ್ಲ. ಅಲ್ಲಿ ಪ್ರತಿ ಗೋಡೆಯೂ ಬೆಂಕಿಯಲ್ಲಿ ಬೆಂದು ಬರಬೇಕು. ನಮ್ಮಲ್ಲಿ ಬೆಂಕಿ ಕೇಳಿದ್ದು ಹಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಹಂಚಿನ ಕಾರ್ಖಾನೆಯಿಂದ ಹಿಡಿದು ಆ ಚಿಮಣಿಗಳು ಎಷ್ಟು ಸೌದೆ ತಿಂದವು ಎಂದು ಊರಿನ ಹಿರಿಯರಿಗೆ ಗೊತ್ತು.

ಮಸಿಯ ಬಗ್ಗೆ ಇಷ್ಟು ಹೇಳಿ ಧೂಳನ್ನು ಬಿಟ್ಟರೆ ಅನ್ಯಾಯ ಆಗುತ್ತದೆ. ಥಾರ್ ಮರುಭೂಮಿ, ಅರೇಬಿಯಾ, ಪಶ್ಚಿಮ ಏಷ್ಯಾದ ಒಣ ನೆಲದಿಂದ ಪ್ರತಿ ಬೇಸಿಗೆ ಧೂಳು ಎದ್ದು ಹಿಮಾಲಯದ ಪಶ್ಚಿಮ ಭಾಗಕ್ಕೆ ಬರುತ್ತದೆ. ಚಂದನ್ ಸಾರಂಗಿ ಮತ್ತು ಸಹ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಅತಿ ಎತ್ತರದ ಹಿಮವನ್ನು ಕಪ್ಪಾಗಿಸುವುದರಲ್ಲಿ ಮಸಿಗಿಂತ ಧೂಳಿನ ಪಾಲೇ ದೊಡ್ಡದು ಎಂದು ತೋರಿಸಿತು. ಒಂದೊಂದು ಕಣಕ್ಕೆ ನೋಡಿದರೆ ಧೂಳು ಮಸಿಯಷ್ಟು ಕಪ್ಪಲ್ಲ. ಆದರೆ ಪ್ರಮಾಣ ಬಹಳ ಜಾಸ್ತಿ. ಧೂಳು ಬಿಸಿಲನ್ನು ಹೀರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ನಮ್ಮ ಮುರಕಲ್ಲಿಗೆ ಆ ಕೆಂಪು ಬಣ್ಣ ಕೊಟ್ಟದ್ದೂ ಅದೇ. ಬೇಸಿಗೆಯಲ್ಲಿ ಮಣ್ಣು ರಸ್ತೆಯಲ್ಲಿ ಬಸ್ಸು ಹೋದ ಮೇಲೆ ಬಿಳಿ ಪಂಚೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ನೋಡಿದವರಿಗೆ ಹಿಮಕ್ಕೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಕೊಲೊರಾಡೊ ನದಿಯ ಮೇಲ್ಭಾಗದಲ್ಲಿ ಥಾಮಸ್ ಪೇಂಟರ್ ತಂಡ 2010ರಲ್ಲಿ ತೋರಿಸಿದ್ದು ಇದನ್ನೇ. ಹಿಮದ ಮೇಲಿನ ಧೂಳಿನಿಂದ ಅಲ್ಲಿ ನದಿಯ ಹರಿವಿನ ಉಚ್ಚ ಮಟ್ಟ ಸುಮಾರು ಮೂರು ವಾರ ಮುಂಚೆ ಬರುತ್ತದೆ, ವರ್ಷದ ಒಟ್ಟು ನೀರು ಸುಮಾರು ಶೇಕಡಾ 5ರಷ್ಟು ಕಡಿಮೆಯಾಗುತ್ತದೆ. ಹಿಮ ಬೇಗ ಹೋದರೆ ನೆಲ ಬೇಗ ತೆರೆದುಕೊಳ್ಳುತ್ತದೆ, ಗಿಡಗಳು ನೀರನ್ನು ಬೇಗ ಕುಡಿಯಲು ಶುರು ಮಾಡುತ್ತವೆ. ಮೂರು ವಾರ ಎಂದರೆ ಏನು ಎಂದು ಕೃಷಿಕರನ್ನು ಕೇಳಿ. ನೇಜಿ ನೆಡುವ ಹೊತ್ತಿಗೆ ಬರಬೇಕಾದ ನೀರು ಬೀಜ ಹಾಕುವ ಮೊದಲೇ ಬಂದು ಹೋದರೆ ಅದು ಬಂದೂ ಬಾರದ ಹಾಗೆ.

ಹಾಗಾದರೆ ಹಿಮಾಲಯ ಕರಗುತ್ತಿರುವುದು ಮಸಿಯಿಂದಲಾ? ಕೆಲವರು ಹಾಗೆ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮೂಲ ಕಾರಣ ಜಗತ್ತು ಬಿಸಿಯಾಗುತ್ತಿರುವುದು, ಅದಕ್ಕೆ ಕಾರಣ ಇಂಗಾಲದ ಡೈಆಕ್ಸೈಡ್ ಮತ್ತು ಇತರ ಹಸಿರುಮನೆ ಅನಿಲಗಳು. ಮಸಿ ಅದರ ಮೇಲೆ ಹೊರಿಸಿದ ಇನ್ನೊಂದು ಹೊರೆ. 2013ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆ ಕಪ್ಪು ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಎರಡನೇ ದೊಡ್ಡ ಕಾರಣ ಎಂದಿತ್ತು. 2021ರ ಹವಾಮಾನ ಸಮಿತಿಯ ಅಂದಾಜು ಅದಕ್ಕಿಂತ ತುಂಬಾ ಕಡಿಮೆ. ಜಗತ್ತಿನ ಸರಾಸರಿಯಲ್ಲಿ ಮಸಿಯ ಪಾಲು ಇಳಿಯಿತು, ನಿಜ. ಆದರೆ ಸರಾಸರಿ ಎನ್ನುವುದು ಮುರಕಲ್ಲು, ಕಡಲು, ಕಾಡು, ಹಿಮ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿದ ಲೆಕ್ಕ. ಹಿಮ ಇರುವ ಕಡೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಪರ್ವತ ಪ್ರದೇಶಗಳ ಅಧ್ಯಯನ ಮಾಡುವ ಕಠ್ಮಂಡುವಿನ ಇಸಿಮೋಡ್ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ 2011ರಿಂದ 2020ರವರೆಗೆ ಹಿಂದೂಕುಶ್ ಹಿಮಾಲಯದ ಹಿಮನದಿಗಳು ಹಿಂದಿನ ದಶಕಕ್ಕಿಂತ ಶೇಕಡಾ 65ರಷ್ಟು ಹೆಚ್ಚು ವೇಗವಾಗಿ ಕರಗಿವೆ. ಈ ಪರ್ವತಗಳಲ್ಲಿ 24 ಕೋಟಿ ಜನ ಇದ್ದಾರೆ. ಅಲ್ಲಿ ಹುಟ್ಟುವ ನದಿಗಳ ಕೆಳಗೆ 165 ಕೋಟಿ ಜನ.

ಇನ್ನು ನಮ್ಮ ಊರಿನ ಪ್ರಶ್ನೆ. ಮಂಗಳೂರಿನ ಹೊಗೆ ಹಿಮಾಲಯಕ್ಕೆ ಹೋಗುತ್ತದಾ? ಹೆಚ್ಚು ಹೋಗುವುದಿಲ್ಲ. ಚಳಿಗಾಲದಲ್ಲಿ ನಮ್ಮ ಗಾಳಿ ಕಡಲಿನ ಕಡೆ ಹೋಗುತ್ತದೆ. ಬೇಸಿಗೆಯಲ್ಲಿ ಕರಾವಳಿಯ ಉದ್ದಕ್ಕೆ ವಾಯವ್ಯದಿಂದ ಬೀಸುವ ಗಾಳಿ ದಕ್ಷಿಣಕ್ಕೆ ಎಳೆಯುತ್ತದೆ. ಜೂನ್‌ನಿಂದ ಬರುವ ಜಡಿಮಳೆ ಗಾಳಿಯನ್ನು ತೊಳೆದು ಬಿಡುತ್ತದೆ. ನೇತ್ರಾವತಿ, ಸ್ವರ್ಣಾ, ಸೀತಾ ನದಿಗಳಲ್ಲಿ ಒಂದು ತೊಟ್ಟೂ ಹಿಮದ ನೀರಿಲ್ಲ, ಎಲ್ಲ ಮಳೆಯದ್ದೇ. ಹಾಗಾಗಿ ಉಡುಪಿಯ ಒಲೆಯನ್ನು ತೋರಿಸಿ ಹಿಮಾಲಯದ ತಪ್ಪನ್ನು ಹೊರಿಸುವುದು ಸರಿಯಲ್ಲ.

ಆದರೆ ಆ ಮಳೆಯ ದಾರಿಯಲ್ಲೇ ಒಂದು ಹಳೇ ಎಳೆ ಇದೆ. 1877ರ ಭೀಕರ ಬರಗಾಲದ ನಂತರ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಮಳೆಯನ್ನು ಮೊದಲೇ ಊಹಿಸುವ ದಾರಿ ಹುಡುಕುತ್ತಿದ್ದರು. 1884ರಲ್ಲಿ ಅವರು ಪ್ರಕಟಿಸಿದ್ದು ಇದು. ಹಿಮಾಲಯದಲ್ಲಿ ಚಳಿಗಾಲ ಮತ್ತು ವಸಂತದಲ್ಲಿ ಹಿಮ ಹೆಚ್ಚಿದ್ದ ವರ್ಷ ಮುಂಗಾರು ದುರ್ಬಲ ಆಗುತ್ತದೆ. ಹಿಮ ಕಡಿಮೆ ಇದ್ದರೆ ನೆಲ ಬೇಗ ಕಾಯುತ್ತದೆ, ಕಡಲಿನ ಗಾಳಿಯನ್ನು ಜೋರಾಗಿ ಎಳೆಯುತ್ತದೆ. ಈ ಸಂಬಂಧ ಎಲ್ಲ ದಶಕಗಳಲ್ಲೂ ಒಂದೇ ರೀತಿ ಉಳಿಯಲಿಲ್ಲ, ಒಮ್ಮೊಮ್ಮೆ ಸಡಿಲವಾಗಿದೆ. ಆದರೂ ಅವರು ಹಿಡಿದ ಎಳೆ ಸುಳ್ಳಲ್ಲ. ಆಗುಂಬೆ ಘಾಟಿಗೆ ಬಂದು ಬಡಿಯುವ ಮೋಡಕ್ಕೂ ಹಿಮಾಚಲದ ಲಾಹೌಲ್‌ನ ಎಪ್ರಿಲ್ ಹಿಮಕ್ಕೂ ನಂಟು ಇದೆ. ಹಿಮದ ಬಣ್ಣ ಬದಲಾದರೆ ಆ ನಂಟೂ ಬದಲಾಗಬಹುದು. ಅರಬ್ಬೀ ಸಮುದ್ರದ ಮೇಲೆ ಬರುವ ಮರುಭೂಮಿಯ ಧೂಳೂ ಇದರಲ್ಲಿ ಪಾತ್ರಧಾರಿ. ಅದು ಗಾಳಿಯನ್ನು ಬಿಸಿ ಮಾಡಿ ಒಂದು ವಾರದೊಳಗೆ ಮಧ್ಯ ಭಾರತದ ಮಳೆಯನ್ನು ಹೆಚ್ಚಿಸುತ್ತದೆ ಎಂದು ವಿ. ವಿನೋಜ್ ಮತ್ತು ಸಂಗಡಿಗರು 2014ರಲ್ಲಿ ಬರೆದಿದ್ದಾರೆ. ಮಳೆ ಇಲ್ಲದೆ ನಮ್ಮ ಕರಾವಳಿ ಇಲ್ಲ. ಹಾಗಿರುವಾಗ ಇದನ್ನು ಉತ್ತರದವರ ವಿಷಯ ಎಂದು ಬಿಟ್ಟುಬಿಡಲು ನನಗೆ ಆಗುವುದಿಲ್ಲ.

ಮಸಿಯ ವಿಷಯದಲ್ಲಿ ನನಗೆ ಭರವಸೆ ಕೊಡುವುದು ಅದರ ಆಯುಷ್ಯ. ಇವತ್ತು ಬಿಟ್ಟ ಇಂಗಾಲದ ಡೈಆಕ್ಸೈಡಿನ ದೊಡ್ಡ ಪಾಲು ನೂರಾರು ವರ್ಷ ಮೇಲೆ ಇರುತ್ತದೆ. ಮಸಿ ಹಾಗಲ್ಲ, ಒಲೆ ಆರಿದ ಎರಡು ವಾರದೊಳಗೆ ಗಾಳಿ ಚೊಕ್ಕ. 2020ರ ಲಾಕ್‌ಡೌನ್‌ನಲ್ಲಿ ಇದನ್ನು ಕಣ್ಣಾರೆ ಕಂಡೆವು. ಪಂಜಾಬಿನ ಜಲಂಧರದ ಮನೆಗಳ ತಾರಸಿಯಿಂದ ಧೌಲಾಧಾರ್ ಬೆಟ್ಟಗಳು ಕಾಣಿಸಿದವು, ಎಷ್ಟೋ ಜನ ಜೀವನದಲ್ಲಿ ಮೊದಲ ಸಲ ನೋಡಿದರು. ಸಿಂಧೂ ಜಲಾನಯನದ ಹಿಮ ಆ ವರ್ಷ ಹಿಂದಿನ ಇಪ್ಪತ್ತು ವರ್ಷಗಳ ಸರಾಸರಿಗಿಂತ ಶುಭ್ರವಾಗಿತ್ತು ಎಂದು ಉಪಗ್ರಹ ಚಿತ್ರಗಳನ್ನು ನೋಡಿದ ಸಂಶೋಧಕರು 2021ರಲ್ಲಿ ವರದಿ ಮಾಡಿದರು.

ಲಾಕ್‌ಡೌನ್ ಪರಿಹಾರ ಅಲ್ಲ, ಆದರೆ ಪರಿಹಾರಗಳು ಗೊತ್ತಿರುವಂಥವೇ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾ ಊರಿನಲ್ಲಿ ಶುರುವಾದ ಉಜ್ವಲಾ ಯೋಜನೆ ಕೋಟ್ಯಂತರ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಟ್ಟಿತು. ಸಂಪರ್ಕ ಕೊಟ್ಟಷ್ಟು ಸುಲಭ ಅಲ್ಲ ಸಿಲಿಂಡರ್ ತುಂಬಿಸುವುದು. ದುಡ್ಡು ಸಾಲದಾಗ ಅದೇ ಮನೆಯಲ್ಲಿ ಸೌದೆ ಒಲೆ ಮತ್ತೆ ಉರಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಹಿಮಾಲಯದ ಹಿಮಕ್ಕೆ ಅತ್ಯಂತ ಅಗ್ಗದ ರಕ್ಷಣೆ ಎಂದರೆ ಬಡವರ ಎರಡನೇ, ಮೂರನೇ ಸಿಲಿಂಡರಿಗೆ ಹಣ ಕೊಡುವುದು. ಇಟ್ಟಿಗೆ ಭಟ್ಟಿಗಳಿಗೆ 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ಮಾಡಿತು. ಇಟ್ಟಿಗೆಗಳನ್ನು ಅಂಕುಡೊಂಕಾಗಿ ಜೋಡಿಸಿ ಬಿಸಿ ಗಾಳಿ ಸುತ್ತಿ ಬಳಸಿ ಹೋಗುವ ಹಾಗೆ ಮಾಡುವ ಜಿಗ್‌ಜಾಗ್‌ನಂಥ ಭಟ್ಟಿಗೆ ಬದಲಾಗಬೇಕು ಎಂದಿತು. ಕಲ್ಲಿದ್ದಲು ಉಳಿಯುತ್ತದೆ, ಮಸಿಯೂ ಕಡಿಮೆ. 2020ರ ಎಪ್ರಿಲ್ 1ರಿಂದ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದಿಂದ ಹೊಸ ಡೀಸೆಲ್ ವಾಹನಗಳಿಗೆ ಮಸಿ ಹಿಡಿಯುವ ಶೋಧಕ ಬಂತು. ಹಳೆ ಲಾರಿಗಳು ಮಾತ್ರ ಹಾಗೇ ಓಡುತ್ತಿವೆ. ರೋಹ್ತಾಂಗ್‌ನಲ್ಲಿ ಹಿಮ ಕಪ್ಪಾದದ್ದನ್ನು ನೋಡಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿನಕ್ಕೆ ಇಷ್ಟೇ ಪ್ರವಾಸಿ ವಾಹನ ಎಂದು ಮಿತಿ ಹಾಕಿತು. ಎಲ್ಲರೂ ಒಂದೇ ವಾರ ಹೋಗಬೇಕೆಂದರೆ ಆಗುವುದಿಲ್ಲ ಎಂದು ದೊಡ್ಡಮ್ಮನ ಮಗನಿಗೂ ಹೇಳಿದ್ದೇನೆ.

ನಮ್ಮಲ್ಲಿ ಅಡುಗೆಗೆ ಗ್ಯಾಸ್ ಬಂದರೂ ಬಚ್ಚಲಿನ ಹಂಡೆಗೆ ಈಗಲೂ ಸಿಪ್ಪೆ, ಗೆರಟೆ, ಮಡಲು. ಅದರ ಹೊಗೆ ಯಾವ ಹಿಮವನ್ನೂ ಕಾಣುವುದಿಲ್ಲ, ಆದರೆ ಒಲೆಯ ಮುಂದೆ ಕೂತವರ ಶ್ವಾಸಕೋಶವನ್ನು ಕಾಣುತ್ತದೆ. ನಮ್ಮ ಅಜ್ಜಿ ನಲವತ್ತು ಮಳೆಗಾಲ ಹಸಿ ಸೌದೆ ಊದಿದರು. ಕೊನೆಯ ವರ್ಷಗಳಲ್ಲಿ ಅವರ ಕೆಮ್ಮು ಕೇಳಿದವರಿಗೆ ಅದು ಮರೆಯುವುದಿಲ್ಲ. ಒದ್ದೆ ಸೌದೆಯಲ್ಲಿ ಬೆಂಕಿಯ ಶಾಖ ನೀರು ಆರಿಸಲು ಹೋಗುತ್ತದೆ, ಉರಿ ತಂಪಾಗುತ್ತದೆ, ಹೊಗೆ ಹೆಚ್ಚುತ್ತದೆ. ಉಡುಪಿಯ ರಥಬೀದಿಗೆ ಹೋದವರು ಪರ್ಯಾಯದ ಕಟ್ಟಿಗೆ ರಥ ನೋಡಿರುತ್ತಾರೆ. ಕಟ್ಟಿಗೆ ಮುಹೂರ್ತ ಮಾಡಿ ಎಷ್ಟೋ ತಿಂಗಳು ಮೊದಲೇ ಸೌದೆ ಪೇರಿಸಿ ಒಣಗಿಸುವ ಆ ಕ್ರಮದಲ್ಲಿ ಒಲೆಯ ಬಗ್ಗೆ ತಿಳಿದವರ ಲೆಕ್ಕಾಚಾರ ಇದೆ. ನಮ್ಮ ಮನೆಯಲ್ಲೂ ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಸೌದೆ ಒಳಗೆ ಸೇರಬೇಕು ಎಂದು ಅಜ್ಜ ಹೇಳುತ್ತಿದ್ದರು. ಈ ವರ್ಷ ಮಾರ್ಚ್‌ನಲ್ಲೇ ಒಡೆದು ಅಂಗಳದಲ್ಲಿ ಹರಡಿದ್ದೇವೆ. ಬಚ್ಚಲಿನ ಮಾಡಿನ ಮೇಲೆ ಸೋಲಾರ್ ವಾಟರ್ ಹೀಟರ್ ಕೂರಿಸಲು ಜಾಗ ಅಳೆದು ಆಗಿದೆ. ಮಳೆಗಾಲದ ಮೂರ್ನಾಲ್ಕು ತಿಂಗಳು ಅದು ಹೆಚ್ಚು ಕೆಲಸ ಮಾಡುವುದಿಲ್ಲ, ಆಗ ಈ ಒಣ ಸೌದೆ ಬೇಕಾಗುತ್ತದೆ.